ತಗಡು ಹರಿಯುವುದು ಎಲ್ಲಿ?

ಹಬ್ಬದ ದಿನ ಅಡಿಗೆಯ ಮನೆಯಲ್ಲಿ ಹೋಳಿಗೆ ತಟ್ಟುವುದನ್ನು ನೋಡದವರು ನಮ್ಮ ಓದುಗರಲ್ಲಿ ವಿರಳ. ಹೂರಣವನ್ನು ಕಣಕದೊಳಗಿಟ್ಟು, ಬಾಳೆಯೆಲೆಯ ಮೇಲೆ ಬೆರಳಿನಿಂದ ಒತ್ತುತ್ತ ಹೋದಂತೆ ಕಣಕವು ಸುತ್ತಲೂ ಹರಡುತ್ತದೆ. ಕೈ ಪಳಗಿದವರು ತಟ್ಟಿದರೆ ಅದು ಎಲ್ಲೆಡೆಯೂ ಒಂದೇ ತೆಳುವಾಗಿರುವುದು. ಪಳಗದವರ ಕೈಯಲ್ಲಿ ಎಲ್ಲೋ ಒಂದು ಕಡೆ ಕಣಕ ತುಸು ತೆಳುವಾಗುತ್ತದೆ. ತೆಳುವಾದ ಕಡೆಯೇ ಮತ್ತಷ್ಟು ತೆಳುವಾಗುತ್ತದೆ. ಕೊನೆಗೆ ಅಲ್ಲಿಯೇ ಹರಿದು ಹೂರಣ ಹೊರಬೀಳುತ್ತದೆ. ಒಮ್ಮೆ ಬಡವಾದ ಜಾಗವು ಇನ್ನಷ್ಟು ಬಡವಾಗುತ್ತ ಹೋಗುವ ಈ ಕ್ರಮವೇ ನಮ್ಮ ಇಂದಿನ ವಿಷಯ. ಕಣಕಕ್ಕೆ ಬದಲಾಗಿ ಇಲ್ಲಿ ಲೋಹದ ತಗಡಿರುವುದು ಮಾತ್ರ ವ್ಯತ್ಯಾಸ.

ನಾವು ನಿತ್ಯ ನೀರು ಕುಡಿಯುವ ಸ್ಟೀಲಿನ ಲೋಟ, ಸಾರು ಕುದಿಸುವ ಪಾತ್ರೆ, ಬೀದಿಯಲ್ಲಿ ಓಡುವ ಕಾರಿನ ಬಾಗಿಲು ಇವೆಲ್ಲವೂ ಮೊದಲು ಚಪ್ಪಟೆಯಾದ ತಗಡುಗಳಾಗಿದ್ದವು. ತಗಡನ್ನು ಅಚ್ಚಿನ ಬಾಯಿಯ ಮೇಲಿರಿಸಿ, ಅಂಚನ್ನು ಬಿಗಿಯಾಗಿ ಹಿಡಿದು, ಕಾರ್ಖಾನೆಯವರು ‘ಪಂಚ್’ ಎಂದು ಕರೆಯುವ ಉಕ್ಕಿನ ದಿಮ್ಮಿಯಿಂದ ಅದುಮಿದರೆ ತಗಡು ಹಿಗ್ಗಿ ಬೇಕಾದ ಆಕಾರವನ್ನು ತಾಳುತ್ತದೆ. ಅಂಚನ್ನು ಸಡಿಲವಾಗಿ ಹಿಡಿದರೆ ನೆರಿಗೆ ಬೀಳುತ್ತದೆ. ಅತಿ ಬಿಗಿಯಾಗಿ ಹಿಡಿದರೆ ತಗಡು ಎಲ್ಲೋ ಒಂದೆಡೆ ಸೀಳುತ್ತದೆ. ಕಾರಿನ ಬಾಗಿಲಿನಷ್ಟು ದೊಡ್ಡ ಅಚ್ಚನ್ನು ಗಟ್ಟಿಯುಕ್ಕಿನಲ್ಲಿ ಕಡೆದು ಸಿದ್ಧಪಡಿಸುವುದು ಬಹಳ ದಿನಗಳ ಮತ್ತು ಬಹಳ ಹಣದ ಕೆಲಸ. ಅಚ್ಚೆಲ್ಲ ತಯಾರಾದ ಮೇಲೆ ತಗಡು ಮೂಲೆಯಲ್ಲಿ ಸೀಳುವುದೆಂದು ತಿಳಿದುಬಂದರೆ ಗತಿಯೇನು? ಆದುದರಿಂದ ಇಂದು ಅಚ್ಚನ್ನು ಕಡೆಯುವ ಮೊದಲೇ ಗಣಕಯಂತ್ರದಲ್ಲಿ ತಗಡನ್ನು ಅದುಮಿ ನೋಡುವುದು ವಾಡಿಕೆಯಾಗಿದೆ. ಅಲ್ಲಿರುವುದು ನಿಜವಾದ ತಗಡಲ್ಲ, ಸಂಖ್ಯೆಗಳಿಂದಾದ ತಗಡು. ಇದು ಯಾವಾಗ ಸತ್ಯ ನುಡಿಯುತ್ತದೆ, ಯಾವಾಗ ನುಡಿಯುವುದಿಲ್ಲ ಎಂಬುದನ್ನು ಅರಿಯಬೇಕಾದರೆ ಮೊದಲು ಒಂದು ತಂತಿಯನ್ನು ಎಳೆದು ನೋಡಬೇಕು.

ತಂತಿಯ ಕೊರಳು

ನಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲಿ ಯಂಗನ ಗುಣಾಂಕವನ್ನು ಅಳೆಯುವ ಪ್ರಯೋಗ ಮುಗಿದ ಮೇಲೆ, ನಿಯಮಕ್ಕೆ ವಿರೋಧವಾಗಿ, ತಾಮ್ರದ ತಂತಿಗೆ ತೂಕಗಳನ್ನು ಏರಿಸುತ್ತ ಹೋಗಿ ಅದು ಹರಿಯುವುದನ್ನು ನೋಡುವ ಆಸೆ ಹುಡುಗರಿಗೆ ತಪ್ಪದೆ ಬರುತ್ತದೆ. ನಾವೂ ಬೇಡವೆನ್ನುವುದಿಲ್ಲ. ಮೊದಮೊದಲು ತಂತಿ ಸ್ವಲ್ಪವೇ ಹಿಗ್ಗುವುದು. ತೂಕ ತೆಗೆದರೆ ಮೊದಲಿನ ಉದ್ದಕ್ಕೆ ಮರಳುವುದು. ಇದು ಸ್ಥಿತಿಸ್ಥಾಪಕತೆ. ತೂಕ ಒಂದು ಮಿತಿಯನ್ನು ಮೀರಿದರೆ ಹಿಗ್ಗಿದ್ದು ಹಿಗ್ಗಿದಂತೆಯೇ ನಿಲ್ಲುತ್ತದೆ. ಇದು ಶಾಶ್ವತ ವಿರೂಪ. ಲೋಟವಾಗಲಿ ಕಾರಿನ ಬಾಗಿಲಾಗಲಿ ರೂಪುಗೊಳ್ಳುವುದು ಈ ಎರಡನೆಯ ಗುಣದಿಂದ. ಕೊನೆಗೆ ತಂತಿಯ ಯಾವುದೋ ಒಂದು ಸ್ಥಳದಲ್ಲಿ ಸಣ್ಣ ಕೊರಳೊಂದು ಮೂಡಿ, ಮುಂದಿನ ಹಿಗ್ಗೆಲ್ಲವೂ ಆ ಕೊರಳಿನಲ್ಲಿಯೇ ನಡೆದು, ತಂತಿ ಹರಿಯುತ್ತದೆ.

ಒಬ್ಬ ವಿದ್ಯಾರ್ಥಿ ಒಮ್ಮೆ ಕೇಳಿದ: “ಸಾರ್, ತಂತಿಯಲ್ಲಿ ತುಸು ತೆಳುವಾದ ಜಾಗ ಮೊದಲಿನಿಂದಲೂ ಇದ್ದೇ ಇರಬೇಕಲ್ಲವೆ? ಹಾಗಿದ್ದರೆ ಮೊದಲನೆಯ ತೂಕಕ್ಕೇ ಅಲ್ಲಿ ಹರಿಯಲಿಲ್ಲವೇಕೆ? ಅಷ್ಟು ಹೊತ್ತು ಎಲ್ಲ ಕಡೆಯೂ ಸಮನಾಗಿ ಏಕೆ ಹಿಗ್ಗಿತು?” ಪ್ರಶ್ನೆ ಸರಿಯಾಗಿಯೇ ಇದೆ. ಹೋಳಿಗೆಯ ಕಣಕಕ್ಕಿಲ್ಲದ ಯಾವುದೋ ಗುಣ ತಾಮ್ರಕ್ಕಿರಬೇಕು.

ಆ ಗುಣವನ್ನು ಕಮ್ಮಾರರೂ ಕಂಚುಗಾರರೂ ಪೂರ್ವಕಾಲದಿಂದ ಬಲ್ಲರು. ತಣ್ಣಗಿರುವ ತಾಮ್ರವನ್ನು ಬಡಿದಷ್ಟೂ ಅದು ಗಡಸಾಗುತ್ತದೆ. ಮತ್ತೆ ಕಾಯಿಸದೆ ಮುಂದೆ ಬಡಿಯಲಾಗುವುದಿಲ್ಲ. ಇದಕ್ಕೆ ಕಾರಣ ತಿಳಿದದ್ದು ೧೯೩೪ರಲ್ಲಿ. ಲೋಹದ ಸ್ಫಟಿಕದಲ್ಲಿ ಪರಮಾಣುಗಳ ಸಾಲುಗಳು ಒಮ್ಮೆಗೇ ಜರುಗುವುದಿಲ್ಲವೆಂದೂ, ಸಾಲಿನಲ್ಲಿರುವ ಒಂದು ದೋಷರೇಖೆಯು ಸ್ಥಳದಿಂದ ಸ್ಥಳಕ್ಕೆ ಸಾಗುವುದರಿಂದ ಜರುಗುತ್ತವೆಂದೂ ಆ ವರ್ಷ ಟೇಲರ್, ಓರೋವಾನ್, ಪೊಲಾನ್ಯಿ ಎಂಬ ಮೂವರು ಬೇರೆಬೇರೆಯಾಗಿ ಸೂಚಿಸಿದರು. ಹಾಸಿದ ದೊಡ್ಡ ಜಮಖಾನೆಯನ್ನು ಒಟ್ಟಿಗೆ ಎಳೆಯುವುದು ಕಷ್ಟ. ಅದರಲ್ಲಿ ಒಂದು ಮಡಿಕೆ ಎಬ್ಬಿಸಿ ಆ ಮಡಿಕೆಯನ್ನು ತಳ್ಳುತ್ತ ಹೋದರೆ ಜಮಖಾನೆ ಸುಲಭವಾಗಿ ಸರಿಯುತ್ತದೆ. ದೋಷರೇಖೆಯೂ ಅಂಥದೇ. ಲೋಹವು ವಿರೂಪಗೊಂಡಷ್ಟೂ ಈ ರೇಖೆಗಳ ಸಂಖ್ಯೆ ಹೆಚ್ಚುತ್ತದೆ; ಹೆಚ್ಚಿದಷ್ಟೂ ಒಂದಕ್ಕೊಂದು ತೊಡರಿಕೊಂಡು ಚಲಿಸಲಾರದೆ ಹೋಗುತ್ತವೆ. ಗಡಸುತನ ಬಂದದ್ದು ಈ ಸಿಕ್ಕಿನಿಂದ.

ಈಗ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ದೊರೆಯಿತು. ತೆಳುವಾದ ಜಾಗವು ಮೊದಲು ಹಿಗ್ಗುವುದು ನಿಜ; ಆದರೆ ಹಿಗ್ಗಿದೊಡನೆ ಅದು ಗಡಸಾಗಿ, ಮುಂದಿನ ಸರದಿಯನ್ನು ನೆರೆಯವನಿಗೆ ಬಿಟ್ಟುಕೊಡುತ್ತದೆ. ಹೀಗೆ ತಂತಿಯಲ್ಲೆಲ್ಲ ಸಮತೆ ಉಳಿಯುತ್ತದೆ. ಹಿಗ್ಗಿದಾಗ ತಂತಿ ತೆಳುವಾಗುವುದು ಒಂದು ಪಕ್ಷ, ಗಡಸಾಗುವುದು ಪ್ರತಿಪಕ್ಷ. ಗಡಸಾಗುವುದು ಮೇಲುಗೈಯಾಗಿರುವ ತನಕ ಭಯವಿಲ್ಲ.

ಗೆಲವು ಎಂದು ತಿರುಗುತ್ತದೆಂಬುದನ್ನು ೧೮೮೫ರಲ್ಲಿ ಕಾನ್ಸಿಡೇರ್ ಎಂಬ ಫ್ರೆಂಚ್ ಎಂಜಿನಿಯರು ಲೆಕ್ಕದಿಂದ ತೋರಿಸಿದನು. ಪ್ರೌಢಶಾಲೆಯವರು ಸ್ವಲ್ಪ ತಾಳ್ಮೆಯಿಂದ ಓದಿದರೆ ಇದು ಅವರಿಗೂ ಕಠಿನವಲ್ಲ. ತಂತಿಯಲ್ಲಿರುವ ಬಲವೆಂದರೆ ಪೀಡನ (ಚದರ ಮಿಲಿಮೀಟರಿಗೆ ಇಷ್ಟು ನ್ಯೂಟನ್ ಎಂಬ ಲೆಕ್ಕ) ಮತ್ತು ಅಡ್ಡಕೊಯ್ತದ ಕ್ಷೇತ್ರಫಲ ಇವೆರಡರ ಗುಣಲಬ್ಧ. ಶಾಶ್ವತ ವಿರೂಪದಲ್ಲಿ ಲೋಹದ ಗಾತ್ರ ಬದಲಾಗುವುದಿಲ್ಲ. ಆದುದರಿಂದ ಉದ್ದ ನೂರರಲ್ಲಿ ಒಂದು ಭಾಗ ಹೆಚ್ಚಿದರೆ ಕ್ಷೇತ್ರಫಲ ನೂರರಲ್ಲಿ ಒಂದು ಭಾಗ ಕುಗ್ಗುವುದು. ಅಷ್ಟರಲ್ಲಿ ಪೀಡನವನ್ನು ತಡೆಯುವ ಶಕ್ತಿ ನೂರರಲ್ಲಿ ಒಂದಕ್ಕಿಂತ ಹೆಚ್ಚಾಗಿ ಏರಿದರೆ ಗಡಸುತನ ಗೆದ್ದಿತು. ಕಡಿಮೆ ಏರಿದರೆ ಕೊರಳು ಗೆದ್ದಿತು. ಉದ್ದದಲ್ಲಾದ ಹೆಚ್ಚಳವನ್ನು ಆಯಾ ಕ್ಷಣದ ಉದ್ದಕ್ಕೆ ಭಾಗಿಸಿ ಕೂಡಿಸುತ್ತ ಹೋದರೆ ಬರುವ ಸಂಖ್ಯೆಗೆ ವಿಕೃತಿಯೆಂದು ಹೆಸರಿಡೋಣ. ಅನೇಕ ಲೋಹಗಳಲ್ಲಿ ಪೀಡನವು ವಿಕೃತಿಯ ಒಂದು ಘಾತಕ್ಕೆ ಅನುಪಾತದಲ್ಲಿ ಏರುತ್ತದೆ. ತಗಡಿಗೆ ಬಳಸುವ ಮೆದು ಉಕ್ಕಿನಲ್ಲಿ ಈ ಘಾತಾಂಕ ೦.೨೨ರ ಆಸುಪಾಸಿನಲ್ಲಿರುತ್ತದೆಯೆನ್ನೋಣ. ಕಾಲೇಜಿನ ವಿದ್ಯಾರ್ಥಿಗಳು ಕಲನಶಾಸ್ತ್ರದಿಂದ ಎರಡೇ ಸಾಲುಗಳಲ್ಲಿ ಸಾಧಿಸಬಹುದಾದ ಒಂದು ಸೊಗಸಾದ ಫಲವಿದೆ: ಕೊರಳು ಮೂಡತೊಡಗುವಾಗಿನ ವಿಕೃತಿ ಆ ಘಾತಾಂಕಕ್ಕೇ ಸಮ. ೦.೨೨ರ ವಿಕೃತಿಯೆಂದರೆ ಉದ್ದದಲ್ಲಿ ಸುಮಾರು ನೂರಕ್ಕೆ ೨೫ರಷ್ಟು ಹಿಗ್ಗು.

ಅಗಲವಾದ ತಗಡಿನ ಪಟ್ಟಿಯಲ್ಲಿ ಇದರ ಮುಂದೆ ಇನ್ನೊಂದು ಘಟ್ಟವಿದೆ. ಮೊದಲು ಮೂಡುವ ಕೊರಳು ಪಟ್ಟಿಯ ಅಗಲದಷ್ಟು ದೂರ ಹಬ್ಬಿದ, ಕಣ್ಣಿಗೆ ಸುಲಭವಾಗಿ ಬೀಳದ ತಗ್ಗು. ಅದರೊಳಗೆ ಆಮೇಲೆ ತಗಡಿನ ದಪ್ಪದಷ್ಟೇ ಅಗಲವಾದ ಕಿರಿದಾದ ತೋಡೊಂದು ಓರೆಯಾಗಿ ಮೂಡುತ್ತದೆ. ತಗಡು ಸೀಳುವುದು ಈ ತೋಡಿನ ಗುಂಟ. ಓರೆಯೇಕೆ? ಇಂಗ್ಲೆಂಡಿನ ರಾಡ್ನಿ ಹಿಲ್ ೧೯೫೨ರಲ್ಲಿ ಕೊಟ್ಟ ಉತ್ತರ ಬಹಳ ಸರಳವಾಗಿದೆ. ತೋಡಿನ ಎರಡು ದಡಗಳಲ್ಲಿರುವ ತಗಡು ಈಗ ಹಿಗ್ಗುವುದನ್ನು ನಿಲ್ಲಿಸಿದೆ. ತೋಡು ಆ ದಡಗಳಿಗೆ ಅಂಟಿಕೊಂಡಿರುವುದರಿಂದ ತನ್ನ ಉದ್ದದ ದಿಕ್ಕಿನಲ್ಲಿ ಅದೂ ಹಿಗ್ಗುವಂತಿಲ್ಲ, ಕುಗ್ಗುವಂತಿಲ್ಲ. ಹಾಗಾದರೆ ಎಳೆದ ಪಟ್ಟಿಯಲ್ಲಿ ಹಿಗ್ಗೂ ಕುಗ್ಗೂ ಇಲ್ಲದ ದಿಕ್ಕು ಯಾವುದು? ಎಳೆತದ ದಿಕ್ಕಿನಲ್ಲಿ ಹಿಗ್ಗು ಒಂದು ಪಾಲಾದರೆ ಅಗಲದಲ್ಲಿ ಕುಗ್ಗು ಅರ್ಧ ಪಾಲು. ಕೋನದ ಕೊಸೈನಿನ ವರ್ಗದಿಂದ ಸೈನಿನ ವರ್ಗದ ಅರ್ಧವನ್ನು ಕಳೆದು ಸೊನ್ನೆಗೆ ಸಮೀಕರಿಸಿದರೆ, ಟ್ಯಾಂಜೆಂಟಿನ ವರ್ಗ ೨ ಎಂದು ಬರುವುದು, ಕೋನ ೫೪.೭ ಡಿಗ್ರಿ. ಎಲ್ಲ ದಿಕ್ಕಿಗೂ ಒಂದೇ ಗುಣವುಳ್ಳ ತಗಡಿನಲ್ಲಿ ತೋಡು ಎಳೆತದ ದಿಕ್ಕಿಗೆ ಈ ಕೋನದಲ್ಲಿ ಓರೆಯಾಗಿರಬೇಕು. ಮುರಿದ ಪಟ್ಟಿ ಕೈಗೆ ಸಿಕ್ಕಿದವರು ಕೋನಮಾಪಕವನ್ನಿಟ್ಟು ನೋಡಬಹುದು.

ಬಿಸಿಯಿಂದ ಬರುವ ಕೇಡು

ತೆಳುವಾಗುವುದೊಂದೇ ಗಡಸುತನದ ವೈರಿಯಲ್ಲ. ೧೮೭೮ರಲ್ಲಿ ಟ್ರೆಸ್ಕ ಎಂಬ ಫ್ರೆಂಚ್ ವಿಜ್ಞಾನಿ ಒಂದು ಅಪೂರ್ವ ದೃಶ್ಯವನ್ನು ವರ್ಣಿಸಿದನು. ಕಾಯಿಸಿದ ಪ್ಲಾಟಿನಂ ಸಲಾಕೆ ತನ್ನ ಕೆಂಪು ಹೊಳಪು ಅಡಗುವಷ್ಟು ಆರಿದಾಗ, ಅದರ ಮೇಲೆ ಭಾರಿ ಸುತ್ತಿಗೆಯ ಪೆಟ್ಟು ಬಿದ್ದೊಡನೆ, ಸಲಾಕೆಯ ಪಕ್ಕದಲ್ಲಿ ಗುಣಾಕಾರ ಚಿಹ್ನೆಯಂತೆ ಒಂದನ್ನೊಂದು ಕತ್ತರಿಸುವ ಎರಡು ಗೆರೆಗಳು ಬೆಳಕಿನಿಂದ ಹೊಳೆದುವು. ವಿರೂಪವು ಸಲಾಕೆಯಲ್ಲೆಲ್ಲ ಹಂಚಿಹೋಗದೆ ಆ ಎರಡು ಗೆರೆಗಳಲ್ಲಿಯೇ ನಡೆದಿತ್ತು. ಅಲ್ಲಿ ವ್ಯಯವಾದ ಕೆಲಸ ಉಷ್ಣವಾಗಿ ಗೆರೆಯನ್ನು ಮತ್ತೆ ಕೆಂಪೇರಿಸಿತ್ತು.

ಶಾಶ್ವತ ವಿರೂಪಕ್ಕೆ ಮಾಡಿದ ಕೆಲಸದಲ್ಲಿ ಬಹುಪಾಲು, ನೂರರಲ್ಲಿ ೯೦ರಷ್ಟು, ಉಷ್ಣವಾಗುವುದೆಂದು ೧೯೩೪ರಲ್ಲಿ ಟೇಲರ್ ಮತ್ತು ಕ್ವಿನಿ ಅಳೆದರು. ಉಕ್ಕಿನಲ್ಲಿ ಪೀಡನ ೫೦೦ ನ್ಯೂಟನ್, ವಿಕೃತಿ ೧ ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ, ಉಷ್ಣ ಹೊರಗೆ ಹರಿದುಹೋಗಲು ವೇಳೆಯಿಲ್ಲದಿದ್ದಲ್ಲಿ, ತಾಪ ಸುಮಾರು ೧೨೫ ಡಿಗ್ರಿ ಏರುವುದು. ಬಿಸಿಯಾದ ಉಕ್ಕು ಮೆದುವಾಗುತ್ತದೆ. ಮೆದುವಾದ ಕಡೆಯೇ ವಿರೂಪ ಹೆಚ್ಚುತ್ತದೆ. ಹೆಚ್ಚಿದ ಕಡೆ ಇನ್ನೂ ಬಿಸಿಯೇರುತ್ತದೆ. ವೇಗವಾಗಿ ಉಕ್ಕಿನ ಫಲಕದಲ್ಲಿ ತೂತು ಹೊಡೆಯುವಾಗ ಹೀಗೆ ಹುಟ್ಟುವ ಪಟ್ಟಿಗಳನ್ನು ೧೯೪೪ರಲ್ಲಿ ಝೇನರ್ ಮತ್ತು ಹಾಲೊಮನ್ ವಿವರಿಸಿದರು. ಅವುಗಳ ಅಗಲ ಕೆಲವು ಹತ್ತು ಮೈಕ್ರಾನುಗಳು ಮಾತ್ರ. ಮೈಕ್ರಾನೆಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ಈ ಅಗಲದ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು; ಮುಂದೆ ಬೇಕಾಗುವುದು.

ಸಂಖ್ಯೆಗಳ ತಗಡು

ಕಾರಿನ ಬಾಗಿಲಿನಂಥ ಆಕಾರಕ್ಕೆ ಕಾನ್ಸಿಡೇರನ ಎರಡು ಸಾಲುಗಳ ಗಣಿತ ಸಾಲದು. ಒಂದೊಂದು ಬಿಂದುವಿನಲ್ಲಿಯೂ ಎಳೆತ ಬೇರೆ, ದಿಕ್ಕು ಬೇರೆ, ಅಚ್ಚಿನೊಡನೆ ಘರ್ಷಣೆ ಬೇರೆ. ಇಲ್ಲಿಗೆ ಒದಗಿಬಂದದ್ದು ಪರಿಮಿತ ಘಟಕಗಳ ವಿಧಾನ. ತಗಡನ್ನು ಮನಸ್ಸಿನಲ್ಲಿಯೇ ಸಾವಿರಾರು ಚಿಕ್ಕ ತ್ರಿಕೋನಗಳನ್ನಾಗಿಯೋ ಚತುಷ್ಕೋನಗಳನ್ನಾಗಿಯೋ ಕತ್ತರಿಸುವುದು. ಪ್ರತಿಯೊಂದು ತುಣುಕಿನೊಳಗೆ ವಿರೂಪ ಬಹಳ ಸರಳವಾಗಿದೆಯೆಂದು ಭಾವಿಸುವುದು. ತುಣುಕುಗಳ ಮೂಲೆಗಳು ಕೂಡುವಲ್ಲಿ ಬಲಗಳು ಸರಿದೂಗಬೇಕೆಂದು ಸಮೀಕರಣಗಳನ್ನು ಬರೆಯುವುದು. ಪಂಚನ್ನು ಕೂದಲೆಳೆಯಷ್ಟು ಇಳಿಸಿ, ಸಮೀಕರಣಗಳನ್ನು ಬಿಡಿಸಿ, ಮತ್ತೆ ಕೂದಲೆಳೆಯಷ್ಟು ಇಳಿಸುತ್ತ ಹೋಗುವುದು. ೧೯೪೩ರಲ್ಲಿ ಗಣಿತಜ್ಞ ಕೂರಾಂಟ್ ತ್ರಿಕೋನಗಳ ಉಪಾಯವನ್ನು ತೋರಿಸಿದ್ದನು. ೧೯೫೬ರಲ್ಲಿ ಟರ್ನರ್, ಕ್ಲಫ್ ಮತ್ತು ಅವರ ಸಂಗಡಿಗರು ವಿಮಾನಗಳ ರಚನೆಗಾಗಿ ಇದನ್ನು ಬಳಸಿದರು. ೧೯೬೦ರಲ್ಲಿ ಕ್ಲಫ್ ಇದಕ್ಕೆ ಈಗಿರುವ ಹೆಸರನ್ನಿಟ್ಟನು. ಸಮೀಕರಣಗಳು ಲಕ್ಷಗಟ್ಟಲೆಯಾದರೂ ಯಂತ್ರಕ್ಕೆ ಬೇಸರವೆಂಬುದಿಲ್ಲ.

ಈ ವಿಧಾನದಲ್ಲಿ ನಂಬಿಕೆ ಹುಟ್ಟುವುದು ಹೇಗೆ? ಆರ್ಕಿಮಿಡೀಸನು ವೃತ್ತದೊಳಗೆ ೬ ಭುಜಗಳ ಆಕೃತಿಯನ್ನೂ ಆಮೇಲೆ ೧೨, ೨೪, ಕೊನೆಗೆ ೯೬ ಭುಜಗಳದನ್ನೂ ಬರೆದು ಪರಿಧಿಯನ್ನು ಸಮೀಪಿಸಿದ ಕಥೆ ನಮ್ಮ ಓದುಗರಿಗೆ ಗೊತ್ತಿರುವುದಷ್ಟೆ. ಇಲ್ಲಿಯೂ ಹಾಗೆಯೇ. ತುಣುಕುಗಳನ್ನು ಚಿಕ್ಕವು ಮಾಡುತ್ತ ಹೋದರೆ ಉತ್ತರ ಒಂದು ಸಂಖ್ಯೆಯಲ್ಲಿ ನೆಲೆಗೊಳ್ಳಬೇಕು. ನೆಲೆಗೊಂಡರೆ ಅದೇ ಸರಿಯಾದ ಉತ್ತರವೆಂದು ಎಲ್ಲರೂ ನಂಬುತ್ತಾರೆ. ಸೇತುವೆಗಳ ವಿಷಯದಲ್ಲಿ ಈ ನಂಬಿಕೆ ಸುಳ್ಳಾಗಿಲ್ಲ.

ನಾವು ಸ್ವತಃ ಸಿಕ್ಕಿಬಿದ್ದ ಪೇಚನ್ನು ಇಲ್ಲಿ ಹೇಳಿಬಿಡುತ್ತೇವೆ. ಕೆಲವು ವರ್ಷಗಳ ಹಿಂದೆ ತಂತಿಯ ಕೊರಳನ್ನು ತರಗತಿಯಲ್ಲಿ ತೋರಿಸಬೇಕೆಂದು, ಎಳೆದ ಸಲಾಕೆಯೊಂದಕ್ಕೆ ಒಂದು ಪುಟದ ಚಿಕ್ಕ ಕ್ರಮವಿಧಿಯನ್ನು ಬರೆದೆವು. ಸಲಾಕೆಯ ಉದ್ದ ೧೦೦ ಮಿಲಿಮೀಟರ್. ಅಡ್ಡಕೊಯ್ತ ೧೦ ಚದರ ಮಿಲಿಮೀಟರ್. ಪೀಡನ ೪೦೦ ನ್ಯೂಟನ್ನಿಗೆ ಏರುವ ತನಕ ಸ್ಥಿತಿಸ್ಥಾಪಕತೆ. ಆಮೇಲೆ ಮೆದುವಾಗುತ್ತ ಹೋಗಿ, ವಿಕೃತಿ ಇನ್ನೂ ೦.೨ ಹೆಚ್ಚುವಷ್ಟರಲ್ಲಿ ಪೀಡನ ಸೊನ್ನೆಗಿಳಿಯುವುದು. ಸಲಾಕೆಯನ್ನು ೧೦ ತುಣುಕುಗಳನ್ನಾಗಿ ಮಾಡಿ, ನಡುವಿನ ಒಂದನ್ನು ನೂರಕ್ಕೆ ಒಂದರಷ್ಟು ದುರ್ಬಲಗೊಳಿಸಿದೆವು. ನಿರೀಕ್ಷಿಸಿದಂತೆ ಆ ತುಣುಕೇ ಮೆದುವಾಗಿ ಹಿಗ್ಗಿತು. ಉಳಿದವು ತಮ್ಮ ಮೊದಲ ಉದ್ದಕ್ಕೆ ಮರಳಿದವು. ಸಲಾಕೆ ಮುರಿಯಲು ಬೇಕಾದ ಕೆಲಸ ೪ ಜೂಲ್. ಇನ್ನೂ ನಿಖರವಾಗಲೆಂದು ೧೦೦ ತುಣುಕು ಮಾಡಿದೆವು: ೦.೪ ಜೂಲ್! ೧೦೦೦ ತುಣುಕು ಮಾಡಿದೆವು: ೦.೦೪ ಜೂಲ್! ಕ್ರಮವಿಧಿಯಲ್ಲಿ ಎಲ್ಲೋ ದಶಮಾಂಶ ಬಿಂದು ತಪ್ಪಿರಬೇಕೆಂದು ಮೂರು ರಾತ್ರಿ ಹುಡುಕಿದೆವು. ತಪ್ಪು ಸಿಕ್ಕಲಿಲ್ಲ. ಸಿಕ್ಕುವಂತೆಯೂ ಇರಲಿಲ್ಲ, ಏಕೆಂದರೆ ಗುಣಾಕಾರವೆಲ್ಲ ಸರಿಯಾಗಿಯೇ ಇತ್ತು.

ಓದುಗರು ಕಾಗದದ ಮೇಲೆಯೇ ಇದನ್ನು ಪರೀಕ್ಷಿಸಬಹುದು. ಮೆದುವಾಗುವ ಭಾಗದ ಒಂದು ಘನ ಮಿಲಿಮೀಟರ್ ಮುರಿಯಲು ಬೇಕಾದ ಕೆಲಸ ೪೦೦ನ್ನು ೦.೨ರಿಂದ ಗುಣಿಸಿ ಅರ್ಧ ಮಾಡಿದಷ್ಟು, ಎಂದರೆ ೦.೦೪ ಜೂಲ್. ತುಣುಕು ೧೦ ಮಿಲಿಮೀಟರ್ ಉದ್ದವಿದ್ದರೆ ಅದರಲ್ಲಿ ೧೦೦ ಘನ ಮಿಲಿಮೀಟರ್ ಲೋಹವಿದೆ. ೧ ಮಿಲಿಮೀಟರ್ ಉದ್ದವಿದ್ದರೆ ೧೦ ಮಾತ್ರ. ಮೆದುವಾಗುವುದು ಯಾವಾಗಲೂ ಒಂದೇ ತುಣುಕು. ತುಣುಕು ಚಿಕ್ಕದಾದಷ್ಟೂ ಮುರಿಯುವ ಲೋಹ ಕಡಿಮೆ, ಕೆಲಸ ಕಡಿಮೆ. ಪರಮಾವಧಿಗೆ ಹೋದರೆ ಉಕ್ಕಿನ ಸಲಾಕೆಯನ್ನು ಮುರಿಯಲು ಶ್ರಮವೇ ಬೇಕಿಲ್ಲವೆಂದಾಯಿತು! ಕಮ್ಮಾರನು ಕೇಳಿದರೆ ನಗುವನು. ಆರ್ಕಿಮಿಡೀಸನ ಉಪಾಯ ಇಲ್ಲಿ ತಿರುಗುಬಾಣವಾಗಿದೆ. ತುಣುಕುಗಳು ಹೆಚ್ಚಿದಷ್ಟೂ ಉತ್ತರ ಸತ್ಯದಿಂದ ದೂರ ಸರಿಯುತ್ತದೆ.

ಈ ತೊಡಕು ನಮ್ಮೊಬ್ಬರದಾಗಿರಲಿಲ್ಲ. ಕಾಂಕ್ರೀಟು ಮೆದುವಾಗಿ ಬಿರಿಯುವ ಬಗೆಯನ್ನು ಲೆಕ್ಕ ಹಾಕುತ್ತಿದ್ದ ಬಜಾಂಟ್ ಎಂಬ ವಿದ್ವಾಂಸನು ೧೯೭೬ರಲ್ಲಿಯೇ ಇದನ್ನು ಎತ್ತಿ ತೋರಿಸಿದ್ದನು. ವಿರೂಪವು ಪಟ್ಟಿಯಾಗಿ ಕೂಡಿಕೊಳ್ಳುವ ಘಳಿಗೆಯಲ್ಲಿ ಸಮೀಕರಣಗಳ ಸ್ವಭಾವವೇ ಮಾರ್ಪಡುತ್ತದೆಂಬುದನ್ನು ರಡ್ನಿಕಿ ಮತ್ತು ರೈಸ್ ೧೯೭೫ರಲ್ಲಿ ವಿಶದಪಡಿಸಿದ್ದರು. ಪಟ್ಟಿ ಯಾವ ಘಳಿಗೆಯಲ್ಲಿ, ಯಾವ ದಿಕ್ಕಿಗೆ ಮೂಡುವುದೆಂದು ಅಂಥ ಗಣಿತ ಹೇಳುತ್ತದೆ. ಎಷ್ಟು ಅಗಲವಾಗಿ ಎಂಬುದನ್ನು ಮಾತ್ರ ಹೇಳುವುದಿಲ್ಲ. ಅಗಲವನ್ನು ಹೇಳದ ಸಮೀಕರಣವನ್ನು ಯಂತ್ರಕ್ಕೆ ಕೊಟ್ಟರೆ, ಯಂತ್ರವು ತನಗೆ ದೊರೆತ ಅತಿ ಚಿಕ್ಕ ಅಗಲವನ್ನು, ಎಂದರೆ ಒಂದು ತುಣುಕಿನ ಅಗಲವನ್ನು, ತಾನೇ ಆರಿಸಿಕೊಳ್ಳುತ್ತದೆ. ಪರದೆಯ ಮೇಲೆ ಮೂಡುವ ಬಣ್ಣಬಣ್ಣದ ಚಿತ್ರ ಮಾತ್ರ ಬಹಳ ನಂಬುವಂತಿರುತ್ತದೆ. ನಮ್ಮ ಅಭಿಪ್ರಾಯದಲ್ಲಿ ಅಪಾಯವಿರುವುದು ಇಲ್ಲಿಯೇ.

ಕಾಣೆಯಾದ ಉದ್ದ

ದೋಷದ ಮೂಲವನ್ನು ಮಾನಪರಿಶೀಲನೆಯಿಂದ ಕಂಡುಹಿಡಿಯಬಹುದು. ನಮ್ಮ ಸಲಾಕೆಯ ಲೋಹಕ್ಕೆ ನಾವು ಕೊಟ್ಟ ಗುಣಗಳು ಯಾವುವು? ಪೀಡನಗಳು: ಚದರ ಮಿಲಿಮೀಟರಿಗೆ ಇಷ್ಟು ನ್ಯೂಟನ್. ವಿಕೃತಿಗಳು: ಬರಿಯ ಸಂಖ್ಯೆ. ಇವನ್ನು ಹೇಗೆ ಗುಣಿಸಿದರೂ ಭಾಗಿಸಿದರೂ ಒಂದು ಉದ್ದವನ್ನು ಪಡೆಯಲಾಗುವುದಿಲ್ಲ. ನಮ್ಮ ಕಾಗದದ ಉಕ್ಕಿಗೆ ಒಂದು ಮೈಕ್ರಾನಿಗೂ ಒಂದು ಮೈಲಿಗೂ ಭೇದ ತಿಳಿಯದು. ನಿಜವಾದ ಉಕ್ಕಿಗೆ ತಿಳಿದಿದೆ. ಅದರ ಪಟ್ಟಿಗಳಿಗೆ ನಿರ್ದಿಷ್ಟ ಅಗಲವಿರುವುದನ್ನು ಆಗಲೇ ನೋಡಿದೆವು.

ಬಿಸಿಯಿಂದ ಹುಟ್ಟುವ ಪಟ್ಟಿಯಲ್ಲಿ ಉದ್ದವನ್ನು ತರುವುದು ಉಷ್ಣವಾಹಕತೆ. ಉಕ್ಕಿನಲ್ಲಿ ಉಷ್ಣದ ಹರಡುವಿಕೆಯ ಗುಣಾಂಕ ಸೆಕೆಂಡಿಗೆ ಸುಮಾರು ೧೨ ಚದರ ಮಿಲಿಮೀಟರ್. ವೇಗವಾದ ತೂತು ಹೊಡೆತದಲ್ಲಿ ವಿಕೃತಿ ಬೆಳೆಯುವ ದರ ಸೆಕೆಂಡಿಗೆ ೧೦,೦೦೦ ಇರಬಹುದು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ ವರ್ಗಮೂಲ ತೆಗೆದರೆ ಬರುವುದು ೦.೦೩೫ ಮಿಲಿಮೀಟರ್, ಎಂದರೆ ೩೫ ಮೈಕ್ರಾನ್. ಝೇನರ್ ಮತ್ತು ಹಾಲೊಮನ್ನರ ಪಟ್ಟಿಗಳನ್ನು ನೆನೆಯಿರಿ! ಇಷ್ಟು ಒರಟಾದ ಲೆಕ್ಕ ಇಷ್ಟು ಹತ್ತಿರ ಬರುವುದು ಭೌತಶಾಸ್ತ್ರದ ಪಾಠ ಹೇಳುವವರಿಗೆ ಒಂದು ಸಂತೋಷ. ಅದೇ ಉಕ್ಕನ್ನು ನಿಧಾನವಾಗಿ, ಸೆಕೆಂಡಿಗೆ ೧ರ ದರದಲ್ಲಿ ಅದುಮಿದರೆ ಉದ್ದ ಮೂರೂವರೆ ಮಿಲಿಮೀಟರ್ ಆಗುತ್ತದೆ. ತಗಡಿನ ದಪ್ಪಕ್ಕಿಂತ ಅದು ಹೆಚ್ಚು. ಉಷ್ಣ ಅಕ್ಕಪಕ್ಕಕ್ಕೂ ಅಚ್ಚಿಗೂ ಹರಡಿಹೋಗುವುದರಿಂದ ಅಲ್ಲಿ ಅಂಥ ಸೂಕ್ಷ್ಮ ಪಟ್ಟಿ ಹುಟ್ಟುವುದಿಲ್ಲ.

ತಗಡಿನ ತೋಡಿಗೆ ಉದ್ದವನ್ನು ಕೊಡುವುದು ತಗಡಿನ ದಪ್ಪ. ವೇಗವಾಗಿ ಲೆಕ್ಕ ಮುಗಿಸಲೆಂದು ತಗಡನ್ನು ದಪ್ಪವಿಲ್ಲದ ಪೊರೆಯೆಂದು ಭಾವಿಸುವ ಕ್ರಮವಿದೆ. ಹಾಗೆ ಭಾವಿಸಿದೊಡನೆ ಆ ಉದ್ದ ಮಾಯವಾಗಿ, ತೋಡಿನ ಅಗಲ ಮತ್ತೆ ತುಣುಕಿನ ಅಗಲವಾಗಿಬಿಡುತ್ತದೆ. ದಪ್ಪದ ಉದ್ದಕ್ಕೂ ತುಣುಕುಗಳನ್ನು ಪೇರಿಸಿ ಲೆಕ್ಕ ಮಾಡಿದರೆ ತೊಂದರೆ ಕಡಿಮೆಯಾಗುತ್ತದೆ; ಕೆಲಸ ಬಹಳ ಪಟ್ಟು ಹೆಚ್ಚುತ್ತದೆ.

ಉಷ್ಣವೂ ದಪ್ಪವೂ ಒದಗದ ಕಡೆ ಸಮೀಕರಣಕ್ಕೇ ಒಂದು ಉದ್ದವನ್ನು ಸೇರಿಸಬೇಕು. ೧೯೮೪ರಲ್ಲಿ ಗ್ರೀಸಿನ ಐಫಾಂಟಿಸ್, ಒಂದು ಬಿಂದುವಿನ ಪೀಡನವು ಅಲ್ಲಿಯ ವಿಕೃತಿಯನ್ನಷ್ಟೇ ಅಲ್ಲದೆ ಸುತ್ತಲಿನ ವಿಕೃತಿಯ ಏರಿಳಿತವನ್ನೂ ಅವಲಂಬಿಸಬೇಕೆಂದು ಸೂಚಿಸಿದನು. ೧೯೮೭ರಲ್ಲಿ ಪಿಜೊದಿಯೇ-ಕಾಬೊ ಮತ್ತು ಬಜಾಂಟ್ ಇಬ್ಬರೂ, ಬಿಂದುವಿನ ಸುತ್ತ ಒಂದು ನಿಯತ ದೂರದವರೆಗಿನ ಸರಾಸರಿಯನ್ನು ತೆಗೆದುಕೊಳ್ಳುವ ಮಾರ್ಗವನ್ನು ಹಿಡಿದರು. ಇದೆಲ್ಲ ಲೆಕ್ಕ ಸರಿಹೋಗಲೆಂದು ಮಾಡಿದ ತೇಪೆಯಲ್ಲವೆ ಎಂದು ಯಾರಾದರೂ ಕೇಳಬಹುದು. ನಾವೂ ಬಹುಕಾಲ ಹಾಗೆಯೇ ಎಣಿಸಿದ್ದೆವು. ನಮ್ಮ ಅಭಿಪ್ರಾಯ ಬದಲಾದದ್ದು ಇಂಗ್ಲೆಂಡಿನ ಫ್ಲೆಕ್ ಮತ್ತು ಆತನ ಸಂಗಡಿಗರು ೧೯೯೪ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಓದಿದ ಮೇಲೆ. ಅವರು ತಾಮ್ರದ ಬಹಳ ಸಪುರವಾದ ತಂತಿಗಳನ್ನು, ೧೭೦ ಮೈಕ್ರಾನ್ ವ್ಯಾಸದಿಂದ ೧೨ ಮೈಕ್ರಾನಿನವರೆಗೆ, ಮೊದಲು ಎಳೆದು ನೋಡಿದರು. ವ್ಯಾಸದಿಂದ ಹೆಚ್ಚಿನ ಭೇದವೇನೂ ಕಾಣಲಿಲ್ಲ. ಆಮೇಲೆ ಅವನ್ನೇ ತಿರುಚಿ ನೋಡಿದರು. ವ್ಯಾಸದ ಲೆಕ್ಕವನ್ನು ಕಳೆದ ಮೇಲೂ, ಅತ್ಯಂತ ಸಪುರವಾದ ತಂತಿ ದಪ್ಪನೆಯದಕ್ಕಿಂತ ಸುಮಾರು ಮೂರು ಪಟ್ಟು ಬಲವಾಗಿ ತಿರುಚನ್ನು ಪ್ರತಿಭಟಿಸಿತು. ಎಳೆದಾಗ ತಂತಿಯ ಅಡ್ಡಕೊಯ್ತದಲ್ಲೆಲ್ಲ ವಿಕೃತಿ ಒಂದೇ. ತಿರುಚಿದಾಗ ನಡುವಿನಲ್ಲಿ ಸೊನ್ನೆಯಿದ್ದು ಅಂಚಿನತ್ತ ಏರುತ್ತ ಹೋಗುವುದು. ಏರಿಳಿತವಿರುವ ಕಡೆ ದೋಷರೇಖೆಗಳು ಹೆಚ್ಚಾಗಿ ಕೂಡಿಕೊಳ್ಳಬೇಕಾಗುತ್ತದೆ. ಲೋಹವು ತನ್ನದೇ ಆದ ಅಳತೆಗೋಲನ್ನು ಒಳಗಿಟ್ಟುಕೊಂಡಿರುವುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕಿಲ್ಲ.

ಕಾರ್ಖಾನೆಯ ದಾರಿ

ಕಾರ್ಖಾನೆಗಳಲ್ಲಿ ಇಷ್ಟು ಸೂಕ್ಷ್ಮಕ್ಕೆ ಹೋಗದೆ ಬೇರೊಂದು ದಾರಿಯನ್ನು ಹಿಡಿದಿದ್ದಾರೆ. ೧೯೬೩ರಲ್ಲಿ ಅಮೆರಿಕದ ಕೀಲರ್ ಮತ್ತು ಬ್ಯಾಕೊಫನ್ ಪ್ರಕಟಿಸಿದ ಪ್ರಯೋಗಗಳಿಂದ ಬೆಳೆದುಬಂದ ದಾರಿಯಿದು. ತಗಡಿನ ಮೇಲೆ ಚಿಕ್ಕ ಚಿಕ್ಕ ವೃತ್ತಗಳನ್ನು ಮುದ್ರಿಸಿ ಅದನ್ನು ಅದುಮುತ್ತಾರೆ. ವೃತ್ತಗಳು ದೀರ್ಘವೃತ್ತಗಳಾಗುತ್ತವೆ. ತೋಡು ಮೂಡಿದ ಕಡೆಯ ದೀರ್ಘವೃತ್ತಗಳ ಉದ್ದವನ್ನೂ ಅಗಲವನ್ನೂ ಅಳೆದು, ಆ ತಗಡು ಯಾವ ದಿಕ್ಕಿಗೆ ಎಷ್ಟು ಹಿಗ್ಗನ್ನು ತಾಳಬಲ್ಲದೆಂಬುದಕ್ಕೆ ಒಂದು ಗಡಿರೇಖೆಯನ್ನು ಎಳೆಯುತ್ತಾರೆ. ಗಣಕಯಂತ್ರವು ತೋಡನ್ನೇ ಲೆಕ್ಕ ಹಾಕಬೇಕಾಗಿಲ್ಲ. ತಗಡಿನ ಪ್ರತಿಯೊಂದು ತುಣುಕೂ ಗಡಿಯ ಈಚೆಗಿದೆಯೆ ಆಚೆಗಿದೆಯೆ ಎಂದು ನೋಡಿದರೆ ಸಾಕು. ೧೯೬೭ರಲ್ಲಿ ಪೋಲೆಂಡಿನ ಮಾರ್ಚಿನ್ಯಾಕ್ ಮತ್ತು ಕುಚಿನ್ಸ್ಕಿ, ತಗಡಿನಲ್ಲಿ ಮೊದಲಿನಿಂದಲೂ ತುಸು ತೆಳುವಾದ ಒಂದು ಗೀರಿದೆಯೆಂದು ಇಟ್ಟುಕೊಂಡು ಈ ಗಡಿಯನ್ನು ಗಣಿತದಿಂದ ಪಡೆಯುವ ಬಗೆಯನ್ನೂ ತೋರಿಸಿದರು. ನಮ್ಮ ವಿದ್ಯಾರ್ಥಿ ಕೇಳಿದ ತೆಳುವಾದ ಜಾಗವೇ ಇದು!

ಗಣಿತವು ತೋಡಿನ ಬಾಗಿಲವರೆಗೆ ಬಂದು ನಿಂತು, ಮುಂದಿನದನ್ನು ಅಳತೆಗೆ ಒಪ್ಪಿಸುವ ಈ ಏರ್ಪಾಡು ಕೆಲವರಿಗೆ ಸೋಲಿನಂತೆ ಕಾಣುತ್ತದೆ. ನಮಗೆ ಇದು ಪ್ರಾಮಾಣಿಕವಾದ ಒಪ್ಪಂದವೆಂದೇ ತೋರುತ್ತದೆ. ಆದರೆ ಇಲ್ಲಿಯೂ ಆ ಕಾಣೆಯಾದ ಉದ್ದ ಮತ್ತೆ ತಲೆಯೆತ್ತುತ್ತದೆ. ವೃತ್ತದ ವ್ಯಾಸವೆಷ್ಟಿರಬೇಕು? ಸುಮಾರು ಎರಡೂವರೆ ಮಿಲಿಮೀಟರ್ ಇಡುವುದು ರೂಢಿ. ೧೦ ಮಿಲಿಮೀಟರಿನ ವೃತ್ತವನ್ನು ಮುದ್ರಿ‌ಸಿದರೆ ಅದೇ ತೋಡಿನ ಹಿಗ್ಗು ಹೆಚ್ಚು ಜಾಗದಲ್ಲಿ ಹಂಚಿಹೋಗಿ ಕಡಿಮೆಯಾಗಿ ಕಾಣುವುದು. ಗಡಿರೇಖೆಯನ್ನು ಯಾವ ಅಳತೆಯ ವೃತ್ತದಿಂದ ಎಳೆದರು, ತಗಡನ್ನು ಯಾವ ಅಳತೆಯ ತುಣುಕುಗಳನ್ನಾಗಿ ಕತ್ತರಿಸಿದರು, ಈ ಎರಡನ್ನೂ ಹೇಳದೆ ‘ಸೀಳುವುದಿಲ್ಲ’ ಎಂದು ಬರೆದ ವರದಿಯನ್ನು ನಾವಾದರೆ ಹಿಂದಕ್ಕೆ ಕಳುಹಿಸುತ್ತೇವೆ.

ನಮ್ಮ ಒಂದು ಪುಟದ ಕ್ರಮವಿಧಿಗೆ ಈಗ ಇನ್ನೊಂದು ಸಾಲು ಸೇರಿದೆ. ಪ್ರತಿ ತುಣುಕಿನ ವಿಕೃತಿಯನ್ನು ಅಕ್ಕಪಕ್ಕದ ನಿಯತ ದೂರದವರೆಗೆ ಸರಾಸರಿ ಮಾಡುವ ಸಾಲದು. ಸಲಾಕೆಯನ್ನು ೨೦೦, ೪೦೦, ೮೦೦ ತುಣುಕುಗಳನ್ನಾಗಿ ಮಾಡಿದರೂ ಮುರಿಯುವ ಕೆಲಸ ಈಗ ಸೊನ್ನೆಯತ್ತ ಓಡದೆ ಒಂದೆಡೆ ನಿಲ್ಲುತ್ತದೆ. ಆ ದೂರವನ್ನು ಎಷ್ಟೆಂದು ಇಡಬೇಕೆಂಬುದು ಕ್ರಮವಿಧಿಗೆ ಗೊತ್ತಿಲ್ಲ. ಅದಕ್ಕಾಗಿ ಹರಿದ ತಂತಿಯ ಎರಡು ತುಂಡುಗಳನ್ನು ಬೆಂಕಿಪೆಟ್ಟಿಗೆಯಲ್ಲಿ ತೆಗೆದಿರಿಸಿದ್ದೆವು. ಮೊದಲು ಪ್ರಶ್ನೆ ಕೇಳಿದ ವಿದ್ಯಾರ್ಥಿಯೇ ಅವನ್ನು ಚಲಿಸುವ ಸೂಕ್ಷ್ಮದರ್ಶಕದಡಿ ಇಟ್ಟು, ತಂತಿ ಎಲ್ಲಿಂದ ಸಣ್ಣದಾಗತೊಡಗುವುದೆಂದು ಎರಡು ಕಡೆಯಿಂದಲೂ ಓದಿ, ಒಂದು ಮಧ್ಯಾಹ್ನವೆಲ್ಲ ಕುಳಿತು ಕೊರಳಿನ ಉದ್ದವನ್ನು ಅಳೆದುಕೊಟ್ಟ.